ಒಂಬತ್ತು ಗೆಲುವು, ಒಂದು ಎಡಗಾಲು

ಸೋಲುವುದಕ್ಕೂ ಒಂದು ಶಿಸ್ತು ಬೇಕು ಎನ್ನುವುದಾದರೆ ಆ ತಂಡಕ್ಕೆ ಅದು ಕರಗತವಾಗಿತ್ತು. ಹಿಂದಿನ ವರ್ಷ ಲೀಗಿನಲ್ಲಿ ಇಪ್ಪತ್ತೆಂಟು ಪಂದ್ಯ ಆಡಿ ಮೂರನ್ನು ಗೆದ್ದಿದ್ದರು. ಆ ಮೂರರಲ್ಲೂ ಒಂದು, ಎದುರು ತಂಡದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತದ್ದರಿಂದ ಪುಕ್ಕಟೆ ಸಿಕ್ಕಿದ್ದು. ಸಂಬಳಕ್ಕೆ ಬ್ಯಾಸ್ಕೆಟ್‌ಬಾಲ್ ಆಡುವ ಹನ್ನೆರಡು ಜನ, ಅವರಲ್ಲಿ ಎಂಟು ಮಂದಿ ಮೂವತ್ತು ದಾಟಿದವರು. ಊರವರ ಬಾಯಲ್ಲಿ ಅವರ ಹೆಸರು ‘ಮಂಡಿನೋವಿನ ಸಂಘ’. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ನೆಲವನ್ನು ಬೈದು, ದೀಪವನ್ನು ಬೈದು, ಕೊನೆಗೆ ಚೆಂಡೇ ಸರಿಯಾಗಿ ದುಂಡಗಿಲ್ಲ ಎಂದೂ ದೂರಿದ್ದರು.

ಅಂಥವರು ಈ ವರ್ಷ ಮೊದಲ ಪಂದ್ಯದಲ್ಲೇ ಹಿಂದಿನ ಸಲದ ಚಾಂಪಿಯನ್ನರನ್ನು ಒಂದು ಅಂಕದಿಂದ ಸೋಲಿಸಿದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದರು ಜನ. ಎರಡನೆಯದನ್ನೂ ಗೆದ್ದರು. ಮೂರನೆಯದನ್ನು ಹದಿನೆಂಟು ಅಂಕದಿಂದ ಗೆದ್ದಾಗ ಕಾಗೆಯ ಮಾತು ನಿಂತಿತು. ಐದನೆಯ ಗೆಲುವಿನ ಹೊತ್ತಿಗೆ ಟಿಕೆಟ್ ಕಿಟಕಿಯ ಮುಂದಿನ ಸಾಲು ಬೀದಿಯ ತಿರುವು ದಾಟಿತ್ತು. ಗೆದ್ದೆತ್ತಿನ ಬಾಲ ಹಿಡಿಯಲು ಯಾರಿಗೆ ತಾನೆ ಕೈಯಿಲ್ಲ! ನಿನ್ನೆಯವರೆಗೆ ಆಟಗಾರರನ್ನು ಕಂಡರೆ ಮೂಗು ಮುರಿಯುತ್ತಿದ್ದ ಕ್ಷೌರದಂಗಡಿಯವನು ಈಗ ಅವರನ್ನು ಸಾಲು ತಪ್ಪಿಸಿ ಕುರ್ಚಿಗೆ ಕರೆಯುತ್ತಿದ್ದ.

ಇಷ್ಟೆಲ್ಲ ಸಂಭ್ರಮದ ನಡುವೆ ಮುಖ ಬಾಡಿಸಿಕೊಂಡು ಓಡಾಡುತ್ತಿದ್ದವನು ಒಬ್ಬನೇ. ಅವನನ್ನು ಎಲ್ಲರೂ ಪಟ್ಟಿ ಮಾವ ಎನ್ನುತ್ತಿದ್ದರು.

ಪಂದ್ಯಕ್ಕೆ ಮುಂಚೆ ಹನ್ನೆರಡು ಜನರ ಇಪ್ಪತ್ನಾಲ್ಕು ಕಣಕಾಲುಗಳಿಗೆ ಬಿಳಿ ಬಟ್ಟೆಯ ಅಂಟುಪಟ್ಟಿ ಸುತ್ತುವುದು ಅವನ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ, ಅದೇ ಕೋಣೆ: ಕ್ರೀಡಾಂಗಣದ ಕೆಳಗೆ, ಬಟ್ಟೆ ಬದಲಿಸುವ ಕೋಣೆಗೂ ಬಾಯ್ಲರಿಗೂ ನಡುವೆ, ಕಿಟಕಿಯಿಲ್ಲದ ಒಂದು ಗೂಡು. ಅಲ್ಲಿ ಆಟಗಾರ ಕೂರಲು ಎತ್ತರದ ಮೇಜು, ಮಾವನಿಗೆ ಮೋಟು ಸ್ಟೂಲು, ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು. ಕಾಲನ್ನು ತೊಡೆಯ ಮೇಲೆಳೆದುಕೊಂಡು ಮಾವ ಮೊದಲು ಕೇಳುವುದು ಒಂದೇ ಪ್ರಶ್ನೆ: “ಎಲ್ಲಿ ನೋವು?” ಆಟಗಾರ ಹೇಳಬೇಕು. ಹೇಳಿದ ಮೇಲೆಯೇ ಪಟ್ಟಿ ಹರಿಯುವ ಸದ್ದು. ಹಿಮ್ಮಡಿಗೆ ಎರಡು ಸುತ್ತು, ಅಡ್ಡಕ್ಕೆ ಮೂರು, ಕೊನೆಗೆ ಅಂಗೈಯಿಂದ ಒಂದು ತಟ್ಟು.

ತಂಡದ ನಾಯಕ ಅವನ ಅಳಿಯ. ಆ ಕಾರಣಕ್ಕೇ ಉಳಿದವರಿಗೂ ಅವನು ಮಾವನಾದದ್ದು. ಅಳಿಯನ ಜೊತೆ ಬಹುವಚನದಲ್ಲಿ ಮಾತಾಡಬೇಕು ಎಂದು ಮಗಳು ಮದುವೆಯ ಹೊಸತರಲ್ಲಿ ತಾಕೀತು ಮಾಡಿದ್ದಳು, ನಡೆಯಲಿಲ್ಲ. ಒಬ್ಬನ ಕಾಲನ್ನು ಹದಿಮೂರು ವರ್ಷ ತೊಡೆಯ ಮೇಲಿಟ್ಟುಕೊಂಡ ಮೇಲೆ ಬಹುವಚನ ಎಲ್ಲಿ ಉಳಿಯುತ್ತದೆ? ಆ ಎಡಗಾಲು ಎರಡು ಸಲ ಮುರಿದದ್ದು. ಒಳಮಗ್ಗುಲಲ್ಲಿ ಗೋಲಿಯಷ್ಟು ದಪ್ಪದ ಗಂಟಿತ್ತು. “ಎಲ್ಲಿ ನೋವು?” ಎಂದರೆ ಅಳಿಯನ ಉತ್ತರ ಬದಲಾದದ್ದೇ ಇಲ್ಲ: “ಒಳಗಡೆ, ಮೊಳೆ ಹೊಡೆದು ತಿರುಗಿಸಿದ ಹಾಗೆ, ಮಾವ.”

ಪಂದ್ಯ ಮುಗಿದ ಮೇಲೆ ಮಾವ ಪಟ್ಟಿಯನ್ನು ಕತ್ತರಿಯಿಂದ ಒಂದು ಕಡೆ ಸೀಳಿ, ಅಗಲಿಸಿ, ಕಾಲನ್ನು ಹೊರಗೆಳೆಯುತ್ತಿದ್ದ. ಅಂಟು, ಬೆವರು, ಬಿಸಿ ಎಲ್ಲ ಸೇರಿ ಪಟ್ಟಿ ಗಟ್ಟಿಯಾಗಿರುತ್ತದೆ. ಕಾಲು ಹೊರಬಂದರೂ ಅದು ಕಾಲಿನ ಆಕಾರದಲ್ಲೇ ನಿಂತಿರುತ್ತದೆ, ಹಾವು ಬಿಟ್ಟ ಪೊರೆಯ ಹಾಗೆ. ತಂಡದವರು ಅದನ್ನು ಪೊರೆ ಎಂದೇ ಕರೆಯುತ್ತಿದ್ದರು. ಮಾವನಿಗೆ ಕೆಲಸ ಕಲಿಸಿದ ಗುರುವಿನ ಒಂದು ಕಟ್ಟಪ್ಪಣೆಯಿತ್ತು: ಪೊರೆಗೆ ಅಡ್ಡಡ್ಡ ಎರಡು ಸಲ ಕತ್ತರಿ ಹಾಕಿ, ಚಪ್ಪಟೆ ಮಾಡಿ, ಆಮೇಲೆ ಬುಟ್ಟಿಗೆ ಹಾಕಬೇಕು. “ಕಾಲು ನಿಂತ ಹಾಗೆ ಬಿಡಬೇಡ,” ಎನ್ನುತ್ತಿದ್ದ ಗುರು. ಬುಟ್ಟಿ ಬೇಗ ತುಂಬಬಾರದು ಎಂದು ಹೀಗೆ ಹೇಳುತ್ತಾನೆ ಎಂದುಕೊಂಡು ಮಾವ ಇಪ್ಪತ್ತಾರು ವರ್ಷ ಹಾಗೆಯೇ ಮಾಡಿದ.

ಮೊದಲ ಗೆಲುವಿನ ದಿನ ಮಾತ್ರ ತಪ್ಪಿದ.

ಅಂದು ಆ ಗೂಡಿನಲ್ಲಿ ಹನ್ನೆರಡು ಜನವೂ ಒಬ್ಬರ ಮೇಲೊಬ್ಬರು ಬಿದ್ದು ಕೂಗಾಡುತ್ತಿದ್ದರು. ಮಾವ ಅಳಿಯನ ಎಡಗಾಲಿನ ಪೊರೆ ತೆಗೆದು ಕತ್ತರಿ ಹಿಡಿದಾಗ ಅಳಿಯ ಅವನ ಕೈ ತಡೆದ.

“ಮಾವ, ಬೇಡ, ಕತ್ತರಿಸಬೇಡಿ! ಇದು ಗೆದ್ದ ಕಾಲು. ಹುಟ್ಟೋ ಮಗು ತೊಟ್ಟಿಲಿಗೆ ತೂಗುಹಾಕ್ತೀನಿ.”

ಮಗಳಿಗೆ ಆಗ ಏಳು ತಿಂಗಳು. ತೊಟ್ಟಿಲು ಆಗಲೇ ಮನೆಗೆ ಬಂದಿತ್ತು. “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂದ್ರೆ ಇದೇನೆ,” ಎಂದು ಮಾವ ನಕ್ಕು ಕೊಟ್ಟುಬಿಟ್ಟ. ಉಳಿದವರು ಸುಮ್ಮನಿರುತ್ತಾರೆಯೇ? ನನ್ನದೂ ಕತ್ತರಿಸಬೇಡಿ, ನನ್ನದೂ ಎಂದರು. ಮಿಕ್ಕ ಇಪ್ಪತ್ಮೂರು ಪೊರೆಗಳು ಕಪಾಟಿನ ಮೇಲಿನ ಖಾನೆಯಲ್ಲಿ ಸಾಲಾಗಿ ನಿಂತವು. ಎರಡನೆಯ ಪಂದ್ಯವನ್ನೂ ಗೆದ್ದಾಗ ಕೋಚ್ ಫರ್ಮಾನು ಹೊರಡಿಸಿದ: ಇನ್ನು ಏನೂ ಬದಲಾಗಕೂಡದು. ಅದೇ ಕಾಲುಚೀಲ, ಬಸ್ಸಿನಲ್ಲಿ ಅದೇ ಸೀಟು, ಪೊರೆಗಳಿಗೆ ಅದೇ ಕಪಾಟು. ಆಟದವರ ನಂಬಿಕೆ ಅಂದರೆ ಹಾಗೆ. ಗೆಲ್ಲುತ್ತಿರುವಾಗ ಮೂಗಿನ ಮೇಲೆ ಕೂತ ನೊಣವನ್ನೂ ಓಡಿಸುವುದಿಲ್ಲ.

ನಾಲ್ಕನೆಯ ಪಂದ್ಯದ ಮಧ್ಯಾಹ್ನ ಮಾವನಿಗೆ ಮೊದಲ ಸಲ ಅನುಮಾನ ಬಂತು. ಮೇಜಿನ ಮೇಲೆ ಕೂತವನು ತಂಡದ ಅತಿ ಉದ್ದನೆಯ ಆಟಗಾರ, ಅಡ್ಡಹೆಸರು ಏಣಿ. ಮಂಡಿ, ಹಿಮ್ಮಡಿ, ಸೊಂಟ, ಹಲ್ಲು ಎಂದು ನೋವಿನ ಪಟ್ಟಿಯನ್ನು ರಾಗವಾಗಿ ಹೇಳುತ್ತಿದ್ದ ಮನುಷ್ಯ.

“ಎಲ್ಲಿ ನೋವು?”

“ಎಲ್ಲೂ ಇಲ್ಲ ಮಾವ.”

“ಎಲ್ಲೂ ಇಲ್ವಾ? ನಿನಗಾ?”

“ಇಲ್ಲ ಅಂದ್ನಲ್ಲ. ಸುತ್ತಿ.”

ಆಮೇಲೆ ಬಂದವನೂ ಅದನ್ನೇ ಹೇಳಿದ, ಅವನ ಹಿಂದಿನವನೂ. ಕೊನೆಗೆ ಅಳಿಯ ಕೂತ. ಅವನೂ “ಎಲ್ಲೂ ಇಲ್ಲ” ಎಂದಾಗ ಮಾವನ ಹೆಬ್ಬೆರಳು ತಾನಾಗಿ ಒಳಮಗ್ಗುಲಿನ ಗಂಟನ್ನು ಹುಡುಕಿತು. ಗಂಟು ಇರಲಿಲ್ಲ. ಹದಿಮೂರು ವರ್ಷ ಬೆರಳಿಗೆ ತಾಗುತ್ತಿದ್ದ ಜಾಗ ತೊಳೆದಿಟ್ಟ ತಟ್ಟೆಯಷ್ಟು ನುಣ್ಣಗಿತ್ತು, ತಣ್ಣಗೂ ಇತ್ತು. ವಾಸಿಯಾಯಿತಲ್ಲ ಎಂದು ಖುಷಿಪಡಬೇಕಿತ್ತು. ಮಾವನಿಗೆ ಮಾತ್ರ ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ಅಭ್ಯಾಸದ ಹೊತ್ತಿಗೆ ಅವನು ಮೇಲೆ ಹೋಗಿ ಖಾಲಿ ಕುರ್ಚಿಗಳ ನಡುವೆ ಕೂತ. ಚೆಂಡು ಪುಟಿಯುವ ಸದ್ದು ಕೇಳುತ್ತಿತ್ತು, ಕೋಚಿನ ಸೀಟಿ ಕೇಳುತ್ತಿತ್ತು. ಏನೋ ಒಂದು ಕಡಿಮೆಯಿದೆ ಎನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತೇ ಬೇಕಾಯಿತು.

ಬೂಟುಗಳ ಸದ್ದಿರಲಿಲ್ಲ.

ಬ್ಯಾಸ್ಕೆಟ್‌ಬಾಲ್ ನೋಡಿದವರಿಗೆಲ್ಲ ಗೊತ್ತು, ಮರದ ನೆಲದ ಮೇಲೆ ರಬ್ಬರಿನ ಅಟ್ಟೆ ಉಜ್ಜಿ ಕೀಚ್ ಕೀಚ್ ಎನ್ನದೆ ಆ ಆಟ ನಡೆಯುವುದೇ ಇಲ್ಲ. ಇಲ್ಲಿ ಹತ್ತು ಜನ ಓಡುತ್ತಿದ್ದರು, ಗಕ್ಕನೆ ನಿಂತು ತಿರುಗುತ್ತಿದ್ದರು, ಹಾರಿ ಬೀಳುತ್ತಿದ್ದರು. ನೆಲ ಒಂದು ಮಾತೂ ಆಡಲಿಲ್ಲ. ಏಣಿಯಂಥ ಆಳು ಬುಟ್ಟಿಯ ಎತ್ತರದಿಂದ ಇಳಿದರೂ ಧಪ್ ಎನ್ನಲಿಲ್ಲ. ಪಂದ್ಯದ ದಿನ ಜನರ ಗದ್ದಲದಲ್ಲಿ ಇದು ಯಾರಿಗೂ ಗೊತ್ತಾಗುವಂತಿರಲಿಲ್ಲ.

ಗೊತ್ತಾಗಿದ್ದದ್ದು ಎದುರಾಳಿಗಳಿಗೆ. ಆರನೆಯ ಪಂದ್ಯದಲ್ಲಿ ಸೋತ ತಂಡದ ಒಬ್ಬ ಆಟಗಾರ ಬಾಗಿಲ ಬಳಿ ಮಾವನನ್ನು ನಿಲ್ಲಿಸಿದ.

“ಏನ್ರೀ, ನಿಮ್ಮವರಿಗೆ ಅದೇನು ಕಲ್ಸಿದೀರಿ? ಹಿಂದೆ ಯಾರೂ ಇಲ್ಲ ಅಂತ ತಿರುಗಿದ್ರೆ ಮುಖಕ್ಕೆ ಮುಖ ತಾಗೋ ಹಾಗೆ ನಿಂತಿರ್ತಾರೆ. ಬರೋದೇ ಕೇಳಲ್ಲ. ಉಸಿರೂ ಕೇಳಲ್ಲ.”

“ಅಭ್ಯಾಸ,” ಎಂದ ಮಾವ. ಬೇರೆ ಏನು ಹೇಳಿಯಾನು?

ಏಳನೆಯ ಗೆಲುವಿನ ಮಾರನೆಯ ದಿನ ಅವನು ಗೂಡಿನ ಬೀಗ ತೆಗೆದು ದೀಪ ಹಾಕಿದಾಗ ಪೊರೆಗಳು ಬಾಗಿಲಿನತ್ತ ತಿರುಗಿದ್ದವು. ಹಿಂದಿನ ದಿನ ಎಲ್ಲವನ್ನೂ ಗೋಡೆಗೆ ಮುಖ ಮಾಡಿ ಇಟ್ಟಿದ್ದ. ಅದು ಚೆನ್ನಾಗಿ ನೆನಪಿತ್ತು. ಈಗ ಏಳು ಸಾಲು ಖಾಲಿ ಕಾಲುಗಳು ಜೋಡಿಜೋಡಿಯಾಗಿ, ಹೊರಡಲು ಅಣಿಯಾದಂತೆ, ಬಾಗಿಲು ನೋಡುತ್ತಿದ್ದವು. ಒಳಗೆ ಕೈಯಿಟ್ಟರೆ ಬೆಚ್ಚಗಿತ್ತು. ಹತ್ತು ದಿನ ಹಿಂದಿನ ಬಟ್ಟೆ ಈಗ ತಾನೆ ಬೆವರಿದಂತೆ ಒದ್ದೆಯಾಗಿತ್ತು.

ಬಾಯ್ಲರಿನ ಶಾಖ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದನ್ನು ನಂಬಲಿಲ್ಲ. ಅಳಿಯನ ಹೆಸರು ಬರೆದಿದ್ದ ಒಂದು ಎಡಗಾಲಿನ ಪೊರೆ ತೆಗೆದುಕೊಂಡು ಮುಷ್ಟಿಯನ್ನು ಒಳಗೆ ತೂರಿಸಿದ. ಬೆರಳಿಗೆ ಗಂಟು ಸಿಕ್ಕಿತು. ಗೋಲಿಯಷ್ಟು ದಪ್ಪ, ಅದರದೇ ಜಾಗದಲ್ಲಿ, ಬಟ್ಟೆಯೊಳಗೆ. ಮರುಕ್ಷಣ ಮಣಿಕಟ್ಟಿನೊಳಗೆ ಯಾರೋ ಮೊಳೆ ಹೊಡೆದು ತಿರುಗಿಸಿದಂಥ ನೋವು ಎದ್ದು ಭುಜದವರೆಗೆ ಹತ್ತಿತು. ಅವನು ಚೀರಿ ಕೈ ಕಿತ್ತುಕೊಂಡ. ಪೊರೆ ನೆಲಕ್ಕೆ ಬಿದ್ದು, ಒಂದು ಸುತ್ತು ಉರುಳಿ, ನೆಟ್ಟಗೆ ನಿಂತಿತು.

ಅಂದೇ ಕೋಚಿನ ಕೋಣೆಗೆ ಹೋದ. ಮೈದಾನದ ನಕ್ಷೆಯ ಮೇಲೆ ಗುಂಡಿಗಳನ್ನು ಸರಿಸುತ್ತ ಕೂತಿದ್ದ ಕೋಚ್ ಎಲ್ಲವನ್ನೂ ತಾಳ್ಮೆಯಿಂದ ಕೇಳಿದ.

“ಅಂದ್ರೆ ನಮ್ಮವರಿಗೆ ನೋವಿಲ್ಲ, ಸದ್ದಿಲ್ಲದೆ ಓಡ್ತಾರೆ, ಇದು ನಿಮ್ಮ ದೂರು.”

“ದೂರಲ್ಲ ಸರ್. ಅವರ ಕಾಲು ಅವರ ಹತ್ರ ಇಲ್ಲ. ಎಲ್ಲ ಕೆಳಗೆ ಕಪಾಟಲ್ಲಿದೆ. ಕತ್ತರಿಸಿಬಿಡ್ತೀನಿ, ಅಪ್ಪಣೆ ಕೊಡಿ.”

“ಮಾವ, ಈ ಲೀಗಲ್ಲಿ ಇದುವರೆಗೂ ಯಾರೂ ಮೊದಲ ಹತ್ತು ಗೆದ್ದಿಲ್ಲ. ಹತ್ತು ಆಗ್ಲಿ. ಆಮೇಲೆ ಕತ್ತರಿಸ್ತೀರೋ, ಸುಡ್ತೀರೋ, ಉಪ್ಪಿನಕಾಯಿ ಹಾಕ್ತೀರೋ, ನಿಮ್ಮಿಷ್ಟ. ಅದಕ್ಕೆ ಮುಂಚೆ ಒಂದನ್ನ ಮುಟ್ಟಿದ್ರೂ ಈ ಕಡೆ ತಲೆ ಹಾಕಿ ಮಲಗೋದೂ ಬೇಡ.”

ಮಾವ ಬಾಯಿ ಮುಚ್ಚಿಕೊಂಡು ಬಂದ. ಇಪ್ಪತ್ತಾರು ವರ್ಷದ ಕೆಲಸ. ಬೇರೆ ವಿದ್ಯೆ ಅವನಿಗೆ ಬರುತ್ತಿರಲಿಲ್ಲ. ಇನ್ನು ಮೂರೇ ಪಂದ್ಯ ತಾನೆ ಎಂದು ಸಮಾಧಾನ ಮಾಡಿಕೊಂಡ.

ಅವನ ಬಾಯಿ ತೆರೆಸಿದ್ದು ಮಗಳು.

ಒಂದೇ ಕಟ್ಟಡದಲ್ಲಿ ಕೆಳಗೆ ಮಾವನ ಒಂಟಿ ಕೋಣೆ, ಮೂರನೆಯ ಮಹಡಿಯಲ್ಲಿ ಮಗಳು ಅಳಿಯ. ಒಂಬತ್ತನೆಯ ಗೆಲುವು ಆದ ಮೇಲೆ, ಶುಕ್ರವಾರ ಸಂಜೆ, ಅವಳು ಪಕ್ಕದ ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದು ಅಪ್ಪನ ಬಾಗಿಲಿಗೆ ಬಂದಳು. ಅವಳು ಮಹಡಿ ಇಳಿಯುವಾಗಲೇ ಅವನು ಹೆಜ್ಜೆ ಗುರುತಿಸಿದ್ದ. ಚಿಕ್ಕಂದಿನಿಂದಲೂ ಒಂದು ಚಪ್ಪಲಿ ಎಳೆದೇ ನಡೆಯುವವಳು.

“ಅಪ್ಪ, ಇವರು ಮನೆಗೆ ಬರೋದೇ ನನಗೆ ಕೇಳಿಸಲ್ಲ. ಒಲೆ ಮುಂದೆ ನಿಂತಿರ್ತೀನಿ, ತಿರುಗಿದ್ರೆ ಹಿಂದೇನೇ ಇರ್ತಾರೆ. ಎಷ್ಟೊತ್ತಿಂದ ನಿಂತಿದ್ರೋ. ಕೇಳಿದ್ರೆ ನಗ್ತಾರೆ.”

“ದಣಿದಿರ್ತಾನೆ.”

“ನಿನ್ನೆ ಲೋಟ ಬಿದ್ದು ಒಡೀತು. ಗಾಜಿನ ಮೇಲೆ ಬರಿಗಾಲಲ್ಲಿ ನಡೆದ್ರು. ಮನೆ ತುಂಬ ರಕ್ತ, ಇವರು ಟೀ ಕುಡೀತಾ ಮ್ಯಾಚಿನ ಕತೆ ಹೇಳ್ತಾ ಓಡಾಡ್ತಿದಾರೆ. ನಾನೇ ಕೂರಿಸಿ ಚೂರು ತೆಗೆದೆ. ಅಪ್ಪ, ಕಾಲು ಹೆಣದ ಹಾಗೆ ತಣ್ಣಗಿತ್ತು.”

ಅವಳು ಅಪ್ಪನ ಕೈ ತೆಗೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು.

“ಮಗು ಒದೀತಾ ಇಲ್ಲ. ಮೂರು ವಾರದಿಂದ ಕಡಿಮೆ ಆಗ್ತಾ ಬಂತು. ನಾಲ್ಕು ದಿನದಿಂದ ಒಂದು ಸಲವೂ ಇಲ್ಲ. ಡಾಕ್ಟರು ಎದೆಬಡಿತ ಸರಿಯಾಗಿದೆ ಅಂತಾರೆ. ಯಾಕೆ ಅಲ್ಲಾಡ್ತಿಲ್ಲ ಅಂತ ಅವರಿಗೂ ಗೊತ್ತಾಗ್ತಿಲ್ಲ. ಸೋಮವಾರದವರೆಗೂ ನೋಡ್ತೀವಿ, ಆಮೇಲೆ ದಾಖಲು ಮಾಡ್ಕೋತೀವಿ ಅಂದ್ರು. ಇವರಿಗೆ ಹೇಳಿದ್ರೆ ಏನಂದ್ರು ಗೊತ್ತಾ? ‘ಒಳ್ಳೇದಾಯ್ತಲ್ಲ, ನಿನಗೂ ನೋವಿಲ್ಲ’ ಅಂದ್ರು.”

ಹೊಟ್ಟೆಯ ಮೇಲಿಟ್ಟ ಅಂಗೈ ಕಾಯುತ್ತಲೇ ಇತ್ತು. ಏನೂ ತಾಗಲಿಲ್ಲ. ಸಾವಿರಾರು ಕಾಲುಗಳನ್ನು ಹಿಡಿದ ಕೈ ಅದು, ಮೊಮ್ಮಗುವಿನ ಒಂದು ಹಿಮ್ಮಡಿಗಾಗಿ ಅಂಗಲಾಚುತ್ತಿತ್ತು. ಕೆಲಸ ಹೋದರೆ ಹೋಗಲಿ ಎಂದು ಆ ಕ್ಷಣವೇ ತೀರ್ಮಾನಿಸಿದ.

ಹತ್ತನೆಯ ಪಂದ್ಯ ಭಾನುವಾರ ಮಧ್ಯಾಹ್ನ ಮೂರಕ್ಕೆ. ಕೋಚ್ ಅಷ್ಟರಲ್ಲಿ ಗೂಡಿನ ಬೀಗದ ಕೈ ತನ್ನ ಹತ್ತಿರ ಇಟ್ಟುಕೊಂಡಿದ್ದ. ಪಟ್ಟಿ ಸುತ್ತುವ ಹೊತ್ತಿಗೆ ಮಾತ್ರ ತೆಗೆಸಿದ. ಮಾವ ಹನ್ನೆರಡು ಜನರಿಗೂ ಸುತ್ತಿದ. ಹನ್ನೆರಡು ಸಲ ಕೇಳಿದ, ಹನ್ನೆರಡು ಸಲ “ಎಲ್ಲೂ ಇಲ್ಲ” ಎನಿಸಿಕೊಂಡ. ಅವರು ಮೈ ಬಿಸಿ ಮಾಡಿಕೊಳ್ಳಲು ಮೇಲೆ ಹೋದರು. ಇಪ್ಪತ್ನಾಲ್ಕು ಬೂಟುಗಳು ಕಲ್ಲಿನ ಮೆಟ್ಟಿಲು ಹತ್ತಿದರೂ ಮೆಟ್ಟಿಲಿಗೆ ಸುದ್ದಿಯೇ ಇರಲಿಲ್ಲ.

ಮಾವ ಕತ್ತರಿ ತೆಗೆದುಕೊಂಡು ಕಪಾಟಿನ ಮುಂದೆ ನಿಂತ. ಒಂಬತ್ತು ಸಾಲೂ ಈಗ ಅವನತ್ತಲೇ ತಿರುಗಿದ್ದವು. ಮೊದಲು ಏಣಿಯ ಬಲಗಾಲಿನ ಪೊರೆ ಎತ್ತಿಕೊಂಡು ಅಡ್ಡಡ್ಡ ಎರಡು ಸಲ ಕತ್ತರಿ ಹಾಕಿದ. ಒದ್ದೆ ಬಟ್ಟೆ ಉಸ್ಸೆಂದು ಕುಸಿಯಿತು. ಅವನ ಎರಡನೆಯದು, ಮೂರನೆಯದು... ಒಂಬತ್ತನೆಯದನ್ನು ಕತ್ತರಿಸಿದ ಗಳಿಗೆಗೆ ಮೇಲಿನಿಂದ, ಚಾವಣಿಯಾಚೆಯಿಂದ, ಒಂದೇ ಒಂದು ಸದ್ದು ಬಂತು.

ಕೀಚ್!

ಅದರ ಬೆನ್ನಿಗೇ ಏಣಿಯ ದನಿ: “ಅಯ್ಯಮ್ಮಾ!”

ಮಾವನ ಕಣ್ಣಲ್ಲಿ ನೀರು ಬಂತು. ಇಂಥ ಇಂಪಾದ ನರಳಾಟವನ್ನು ಅವನು ಜೀವಮಾನದಲ್ಲಿ ಕೇಳಿರಲಿಲ್ಲ. ಕತ್ತರಿ ಓಡತೊಡಗಿತು. ಒಬ್ಬೊಬ್ಬರ ಪಾಲು ಮುಗಿದಂತೆ ಮೇಲೆ ಒಂದೊಂದು ಜೊತೆ ಬೂಟು ಬಾಯಿಬಿಟ್ಟಿತು, ಒಬ್ಬೊಬ್ಬ ನರಳಿದ. ಒಂಬತ್ತು ಪಂದ್ಯದ ಬಾಕಿ ನೋವು ಒಟ್ಟಿಗೆ ಬಂದರೆ ಯಾರು ತಾನೆ ತಡೆಯುತ್ತಾರೆ? ಅಳಿಯನದನ್ನು ಅವನು ಕೊನೆಗೆ ಇಟ್ಟುಕೊಂಡಿದ್ದ. ಮೂವತ್ನಾಲ್ಕು ವಯಸ್ಸು, ಎರಡು ಸಲ ಮುರಿದ ಕಾಲು. ಅಷ್ಟೂ ನೋವು ಒಮ್ಮೆಗೇ ಇಳಿದರೆ ಇನ್ನು ಅವನು ಆಡುವ ಮಾತಿಲ್ಲ ಎನ್ನುವುದನ್ನು ಮಾವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಅಳಿಯನ ಪೊರೆಗಳಿಗೆ ಕೈಚಾಚಿ ತಿರುಗಿದರೆ ಅಳಿಯ ಒಂದು ಗೇಣಿನಾಚೆ ನಿಂತಿದ್ದ. ಬಂದದ್ದು ಕೇಳಿಸಿರಲಿಲ್ಲ. ಮುಖ ಶಾಂತವಾಗಿತ್ತು, ಅತಿ ಶಾಂತವಾಗಿತ್ತು.

“ಮಾವ, ನಂದು ಬೇಡ.”

“ಎಲ್ಲಿ ನೋವು?” ಎಂದ ಮಾವ.

“ಎಲ್ಲೂ ಇಲ್ಲ. ಅದಕ್ಕೇ ಬೇಡ ಅಂತಿರೋದು. ಹದಿಮೂರು ವರ್ಷ ನೋವು ತಿಂದಿದೀನಿ ಮಾವ. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗೋಕೆ ಗೋಡೆ ಹಿಡೀಬೇಕಿತ್ತು. ಈಗ ಹಾರ್ತಿದೀನಿ. ಇನ್ನೊಂದೇ ಮ್ಯಾಚ್.”

“ನಿನ್ನೆ ಮೊನ್ನೆ ಗಾಜಿನ ಮೇಲೆ ನಡೆದ್ಯಂತೆ.”

“ನಡೆದ್ನಾ?” ಎಂದು ಅಳಿಯ ನಿಜವಾಗಿಯೂ ಯೋಚಿಸಿದ. ನೆನಪಾದಂತೆ ಕಾಣಲಿಲ್ಲ.

“ನಿನ್ನ ಹೆಂಡತಿ ಅಳ್ತಾ ಇದಾಳೆ ಕಣೋ.”

“ಅವಳಿಗೇನು ನೋವು?” ಎಂದು ಕೇಳಿದ ಅವನು, ದಾರಿಯಲ್ಲಿ ಸಿಕ್ಕ ಅಪರಿಚಿತರ ಬಗ್ಗೆ ವಿಚಾರಿಸುವಷ್ಟೇ ಆಸ್ಥೆಯಿಂದ.

ಮಾವ ಅವನ ಮುಖ ನೋಡುತ್ತಲೇ ಒಂಬತ್ತೂ ಬಲಗಾಲುಗಳಿಗೆ ಸರಸರ ಕತ್ತರಿ ಆಡಿಸಿದ. ಅಳಿಯ ತಡೆಯಲು ಕೈಯೆತ್ತಿದ, ಆದರೆ ಬಲಗಾಲು ಆಗಲೇ ಮಡಚಿಕೊಂಡಿತ್ತು. ಮೇಜು ಹಿಡಿದು, ಜಾರಿ, ನೆಲಕ್ಕೆ ಕೂತ. ಮಾವ ನಿಲ್ಲಿಸಲಿಲ್ಲ. ಎಂಟೂ ಎಡಗಾಲುಗಳನ್ನು ಕತ್ತರಿಸಿ, ಎಲ್ಲವನ್ನೂ ತುಳಿದು ಚಪ್ಪಟೆ ಮಾಡಿ ಬುಟ್ಟಿಗೆ ತುಂಬಿದ.

ಪಂದ್ಯದಲ್ಲಿ ತಂಡ ಮೂವತ್ತೊಂದು ಅಂಕದಿಂದ ಸೋತಿತು. ಆ ಕ್ರೀಡಾಂಗಣ ಅಷ್ಟೊಂದು ಕೀಚ್‌ಕೀಚನ್ನು, ಅಷ್ಟೊಂದು ನರಳಾಟವನ್ನು ಎಂದೂ ಕೇಳಿರಲಿಲ್ಲ. ಜನ ಎದ್ದು ಬೈದರು; ಕ್ಷೌರದಂಗಡಿಯವನು ಎಲ್ಲರಿಗಿಂತ ಮೊದಲು ಎದ್ದ. ಕೋಚ್ ಬುಟ್ಟಿಯೊಳಗೆ ಇಣುಕಿ ನೋಡಿ, “ನಾಳೆಯಿಂದ ಬರಬೇಡಿ” ಎಂದಷ್ಟೇ ಹೇಳಿದ. ಮಾವ ಕತ್ತರಿಯನ್ನು ಮೇಜಿನ ಮೇಲಿಟ್ಟು ನಮಸ್ಕರಿಸಿ ಹೊರಬಂದ. ದುಃಖವಾಯಿತು, ಸುಳ್ಳೇಕೆ? ಆದರೆ ಕಾಲು ಮನೆಯ ಕಡೆಗೆ ಬೇಗ ಬೇಗ ನಡೆಯುತ್ತಿತ್ತು.

ಸಂಜೆ ಆರರ ಬೆಳಕು ಇನ್ನೂ ಮೆಟ್ಟಿಲ ಮೇಲಿತ್ತು. ಮಗಳು ಮೂರನೆಯ ಮಹಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮಾವ ಅವಳ ಮುಖ ನೋಡಿದ, ಅವಳು ತಲೆಯಲ್ಲಾಡಿಸಿದಳು. ಮಗು ಇನ್ನೂ ಒದ್ದಿರಲಿಲ್ಲ.

“ಒದೆಯುತ್ತೆ,” ಎಂದ ಮಾವ. “ಅವನು ಬರ್ಲಿ. ಇವತ್ತು ಅವನು ಬರೋದು ನಿನಗೆ ಕೇಳುತ್ತೆ ನೋಡು.”

ಇಬ್ಬರೂ ಕಿವಿಗೊಟ್ಟು ಕೂತರು. ಕೆಳಗಿನ ಬಾಗಿಲು ಕಿರುಗುಟ್ಟಿತು. ಆಮೇಲೆ ಮೆಟ್ಟಿಲ ಮೇಲೆ ಒಂದು ಭಾರವಾದ ಹೆಜ್ಜೆ: ಧಪ್. ಮಗಳು ಅಪ್ಪನ ತೋಳು ಹಿಡಿದಳು. ಅವಳ ಮುಖ ಅರಳುತ್ತಿತ್ತು.

ಧಪ್. ಆಮೇಲೆ ಏನೂ ಇಲ್ಲ. ಧಪ್. ಏನೂ ಇಲ್ಲ. ಧಪ್.

ಮಾವ ಮೆಟ್ಟಿಲುಗಳನ್ನು ಎಣಿಸಿದ. ಹತ್ತಿ ಬರುತ್ತಿದ್ದದ್ದು ಎರಡೆರಡು ಮೆಟ್ಟಿಲು, ಕೇಳುತ್ತಿದ್ದದ್ದು ಒಂದೊಂದೇ. ಬಲಗಾಲು ಬರುತ್ತಿತ್ತು. ಎಡಗಾಲು ಇನ್ನೂ ಬಂದಿರಲಿಲ್ಲ.

ಅವನಿಗೆ ಆಗ ಹೊಳೆಯಿತು. ಒಂಬತ್ತು ಪಂದ್ಯ, ಎಂಟು ಎಡಗಾಲು. ಮೊದಲ ದಿನ ತಾನೇ ನಕ್ಕು ಕೈಗೆ ಕೊಟ್ಟದ್ದು, ಕೂಸಿಗಿಂತ ಮುಂಚೆ ಬಂದ ಕುಲಾವಿ. ಮಗಳನ್ನು ದಾಟಿ ಒಳಗೆ ಓಡಿದ.

ತೊಟ್ಟಿಲು ಮಲಗುವ ಕೋಣೆಯ ಕಿಟಕಿಯ ಬಳಿಯಿತ್ತು. ಅದರ ಕಮಾನಿನಿಂದ ದಾರದಲ್ಲಿ ಪೊರೆ ತೂಗುತ್ತಿತ್ತು. ಕಿಟಕಿ ಮುಚ್ಚಿದ್ದರೂ ತೂಗುತ್ತಿತ್ತು. ಮಾವ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ. ಅಳಿಯನ ಹತ್ತಂಗುಲದ ಕಾಲಿಗೆ ತಾನೇ ಸುತ್ತಿದ ಪಟ್ಟಿ, ಸುತ್ತುಗಳೆಲ್ಲ ತನ್ನವೇ, ಹಿಮ್ಮಡಿಗೆ ಎರಡು, ಅಡ್ಡಕ್ಕೆ ಮೂರು. ಆದರೆ ಅದು ಈಗ ಅವನ ಹೆಬ್ಬೆರಳಿನಷ್ಟೇ ಉದ್ದವಿತ್ತು. ಪುಟ್ಟ ಹಿಮ್ಮಡಿ, ಪುಟ್ಟ ಕಣಕಾಲು. ಅಂಥ ಕಾಲು ಆ ಮನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಹೆಬ್ಬೆರಳನ್ನು ಅದರೊಳಗೆ ತೂರಿಸಿದ. ಬೆಚ್ಚಗಿತ್ತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಳಗಿನಿಂದ ಏನೋ ಅವನ ಬೆರಳನ್ನು ಒದೆಯಿತು. ಮೆಲ್ಲಗೆ, ಮತ್ತೊಮ್ಮೆ ಜೋರಾಗಿ, ಸಿಕ್ಕಿಬಿದ್ದವರು ಬಾಗಿಲು ಬಡಿಯುವ ಹಾಗೆ.

ಹನ್ನೆರಡು ಜನರ ನೋವನ್ನು ಅವರವರಿಗೆ ಒಪ್ಪಿಸುವಾಗ ಅವನು ಹಿಂಜರಿದಿರಲಿಲ್ಲ. ಈಗ ಹಿಂಜರಿದ. ಇದನ್ನು ಹರಿದರೆ ಈ ಪುಟ್ಟ ಕಾಲಿಗೆ ನೋವು ಶುರುವಾಗುತ್ತದೆ. ಬೀಳುವ ನೋವು, ತರಚುವ ನೋವು, ಒಂದು ದಿನ ಮುರಿಯುವ ನೋವು. ಹರಿಯದಿದ್ದರೆ ಎಂದೂ ಏನೂ ನೋಯದ, ಯಾರ ಅಳುವೂ ತಟ್ಟದ ಒಂದು ಮಗು ಸದ್ದಿಲ್ಲದೆ ಈ ಮನೆಯಲ್ಲಿ ಓಡಾಡುತ್ತದೆ. ಗಾಜಿನ ಬಗ್ಗೆ ಅಳಿಯ ಯೋಚಿಸಿದ ಮುಖ ಕಣ್ಣಿಗೆ ಕಟ್ಟಿತು.

“ಕ್ಷಮಿಸು ಕಂದ,” ಎಂದ. ಕತ್ತರಿಯನ್ನು ಗೂಡಿನ ಮೇಜಿನ ಮೇಲೆ ಬಿಟ್ಟು ಬಂದಿದ್ದ. ಹಲ್ಲಿನಿಂದ ಕಚ್ಚಿ, ಅಡ್ಡಕ್ಕೆ ಒಂದು ಸಲ, ಇನ್ನೊಂದು ಸಲ ಹರಿದ.

ಮೆಟ್ಟಿಲಿನಿಂದ ಅಳಿಯನ ಚೀರಾಟ ಕೇಳಿತು, ಆಮೇಲೆ ಅವನು ಕುಸಿದ ಸದ್ದು. ಅದೇ ಉಸಿರಿಗೆ ಬಾಗಿಲ ಬಳಿ ಮಗಳು ಕೂಗಿದಳು.

“ಅಪ್ಪಾ! ಒದೀತು! ಅಪ್ಪಾ, ಒದೀತಾ ಇದೆ, ನಿಲ್ಲಿಸ್ತಾನೇ ಇಲ್ಲ!”

ಅವಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಅಳುತ್ತ ನಗುತ್ತಿದ್ದಳು. ಮಾವ ಅವಳ ತಲೆ ನೇವರಿಸಿ, ಅವಳನ್ನು ದಾಟಿ ಮೆಟ್ಟಿಲಿಗೆ ಬಂದ. ಅಳಿಯ ಮೂರು ಮೆಟ್ಟಿಲು ಕೆಳಗೆ ಗೋಡೆಗೊರಗಿ ಬಿದ್ದಿದ್ದ. ಮುಖ ಬೆವರಿ ಬೆಳ್ಳಗಾಗಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು.

“ಮಾವ, ಅವಳು... ಮಗು...”

“ಇಬ್ಬರೂ ಚೆನ್ನಾಗಿದಾರೆ.”

ಮಾವ ಮೆಟ್ಟಿಲ ಮೇಲೆ ಕೂತ. ಬೂಟು ಬಿಚ್ಚಿ, ಅಂದಿನ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ ಸುತ್ತು ಸುತ್ತಾಗಿ ಬಿಡಿಸಿ, ಎಡಗಾಲನ್ನು ತೊಡೆಯ ಮೇಲೆ ಎಳೆದುಕೊಂಡ.

“ಎಲ್ಲಿ ನೋವು?”

“ಒಳಗಡೆ,” ಎಂದ ಅಳಿಯ ಹಲ್ಲು ಕಚ್ಚಿಕೊಂಡು, “ಮೊಳೆ ಹೊಡೆದು ತಿರುಗಿಸಿದ ಹಾಗೆ, ಮಾವ.”

ಮಾವ ಹೆಬ್ಬೆರಳಿನಿಂದ ಒಳಮಗ್ಗುಲನ್ನು ತಡವಿದ. ಗೋಲಿಯಷ್ಟು ದಪ್ಪದ ಗಂಟು ಅದರ ಜಾಗದಲ್ಲೇ ಇತ್ತು.